ಬರ್ಲಿನ್ನಿನ ಭಿತ್ತಿಪತ್ರಸ್ತಂಭ

ಜರ್ಮನಿಯ ಪಟ್ಟಣಗಳ ಕೂಡುದಾರಿಗಳ ಮಗ್ಗುಲಲ್ಲಿ, ಆಳೆತ್ತರವನ್ನು ಮೀರಿ ಬೆಳೆದು, ಅಡಿಯಿಂದ ಮುಡಿಯವರೆಗೆ ನಾಟಕ, ಸಂಗೀತ, ಸರ್ಕಸ್ಸುಗಳ ಜಾಹೀರಾತುಗಳನ್ನೇ ಹೊದ್ದು ನಿಂತ ದುಂಡುಕಂಬವನ್ನು ಅಲ್ಲಿಯ ಜನ 'ಲಿಟ್‌ಫಾಸ್‌ಜಾಯ್ಲೆ' ಎಂದು ಕರೆಯುವರು. ಜಾಯ್ಲೆ ಎಂದರೆ ಸ್ತಂಭ. ಲಿಟ್‌ಫಾಸ್ ಎಂಬುದಾದರೋ ಮುದ್ರಣಕಾರನೊಬ್ಬನ ಮನೆತನದ ಹೆಸರು. ಅರಸರೂ ಸೇನಾನಿಗಳೂ ಶಿಲಾಪ್ರತಿಮೆಗಳನ್ನು ನಿಲ್ಲಿಸಿಕೊಂಡು ಬಯಸಿದ ಚಿರಸ್ಮರಣೆಯು ಅಚ್ಚುಕೂಟದ ಈ ಯಜಮಾನನಿಗೆ ಅಂಟು ಕಾಗದಗಳ ಬಲದಿಂದ ದೊರೆತುದು ವಿನೋದವೇ ಸರಿ.

ಎರ್ನ್ಸ್ಟ್ ಲಿಟ್‌ಫಾಸ್ 1816ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದನು. ಅವನ ಕಾಲದ ಆ ನಗರದಲ್ಲಿ ಗೋಡೆಯೆನ್ನದೆ, ಬೇಲಿಯೆನ್ನದೆ, ಮರದ ಕಾಂಡವೆನ್ನದೆ ಕಂಡಕಂಡಲ್ಲಿ ಭಿತ್ತಿಪತ್ರಗಳನ್ನು ಹಚ್ಚುತ್ತಿದ್ದುದು ಪುರವಾಸಿಗಳಿಗೆ ಕೇವಲ ಅಸಹ್ಯವಾಗಿದ್ದರೆ, 1848ರ ಕ್ರಾಂತಿಯ ದಿನಗಳಲ್ಲಿ ಅವೇ ಗೋಡೆಗಳ ಮೇಲೆ ರಾಜಕೀಯದ ಬೆಂಕಿನುಡಿಗಳನ್ನು ಓದಿ ನಡುಗಿದ್ದ ಅಧಿಕಾರಿಗಳಿಗೆ ಅದು ಭೀತಿಯ ವಿಷಯವೂ ಆಗಿದ್ದಿತು. ಆದುದರಿಂದಲೇ, ಪತ್ರಗಳಿಗೆಲ್ಲ ಗೊತ್ತಾದ ನೆಲೆಯನ್ನು ಕಲ್ಪಿಸುವೆನೆಂದು ಲಿಟ್‌ಫಾಸ್ ಮುಂದೆ ಬಂದಾಗ ಪೊಲೀಸ್ ಅಧ್ಯಕ್ಷ ಫಾನ್ ಹಿಂಕೆಲ್ಡೈ 1854ರ ಡಿಸೆಂಬರಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದನು. ಮರುವರ್ಷ ನೂರು ಸ್ತಂಭಗಳು ಬೀದಿಗಳಲ್ಲಿ ತಲೆಯೆತ್ತಿದುವು. ಪತ್ರ ಹಚ್ಚುವ ಏಕಸ್ವಾಮ್ಯವು ಮುದ್ರಣಕಾರನಿಗೆ ಸಂದಿತು, ಹಚ್ಚಿದುದರ ಮೇಲಣ ಮೇಲ್ವಿಚಾರಣೆ ಸರಕಾರದ ಕೈಸೇರಿತು. ಇದನ್ನು ವಾಣಿಜ್ಯದ ಜಾಣ್ಮೆಯೆಂದಷ್ಟೇ ಕೊಂಡಾಡುವವರು ಕಥೆಯ ಅರ್ಧವನ್ನು ಮಾತ್ರ ಹೇಳಿದಂತಾಯಿತೆಂದು ನನ್ನ ಎಣಿಕೆ. ಮುಂದೆ ಫ್ರಾನ್ಸಿನೊಡನೆ ನಡೆದ 1870ರ ಯುದ್ಧದಲ್ಲಿ ರಣರಂಗದ ವಾರ್ತೆಗಳು ಇವುಗಳ ಮೇಲೆಯೇ ಪ್ರಕಟವಾಗಲು, ಜನರು ಸ್ತಂಭಗಳ ಸುತ್ತ ಮುತ್ತಿಕೊಂಡು ಓದತೊಡಗಿದರು. ಲಿಟ್‌ಫಾಸ್ 1874ರಲ್ಲಿ ತೀರಿಕೊಂಡನು.

ಎರಿಖ್ ಕೆಸ್ಟ್ನರ್ 1929ರಲ್ಲಿ ಬರೆದ 'ಎಮಿಲ್ ಮತ್ತು ಪತ್ತೇದಾರರು' ಎಂಬ ಮಕ್ಕಳ ಕಾದಂಬರಿಯ ಹೊದಿಕೆಯ ಮೇಲೆ, ಕಳ್ಳನನ್ನು ಹೊಂಚುವ ಹುಡುಗರು ಮರೆಯಾಗಿ ನಿಂತಿರುವುದು ಇಂಥ ಸ್ತಂಭದ ಹಿಂದೆಯೇ. 1996ರ ಜರ್ಮನ್ ಕಾಗುಣಿತ ಸುಧಾರಣೆಯು ಹ್ರಸ್ವಸ್ವರದ ಮುಂದಣ 'ಎಸ್‌ತ್ಸೆಟ್' ಅಕ್ಷರವನ್ನು ಕಿತ್ತು ಆ ಸ್ಥಳದಲ್ಲಿ ಎರಡು ಸಕಾರಗಳನ್ನಿರಿಸಿತಾದರೂ, ವ್ಯಕ್ತಿನಾಮವಾದ ಕಾರಣ ಲಿಟ್‌ಫಾಸ್ ಎಂಬ ಪದದ ಕೊನೆಯಲ್ಲಿರುವ ಆ ಅಕ್ಷರವನ್ನು ಅದು ಮುಟ್ಟಲಿಲ್ಲ. ಸ್ತಂಭಗಳಿಗೆ ಅಂಥ ರಕ್ಷಣೆ ದೊರೆಯಲಿಲ್ಲ: 2019ರಲ್ಲಿ ಬರ್ಲಿನ್ ನಗರವು ಹಳೆಯ ಕಂಬಗಳಲ್ಲಿ ಬಹುಪಾಲನ್ನು ತೆಗೆಯಿಸಿ, ಸ್ಮಾರಕಗಳೆಂದು ಕೆಲವನ್ನು ಮಾತ್ರ ಉಳಿಸಿಕೊಂಡು, ಮಿಕ್ಕೆಡೆಗಳಲ್ಲಿ ಹೊಸ ಕಂಬಗಳನ್ನು ನಿಲ್ಲಿಸಿತು.