ಬೇಡವೆಂದ ಕೆಲಸ ನಿಲ್ಲುವುದು ಯಾವಾಗ? ಐ/ಒ ರದ್ದತಿ ಬೆಳೆದು ಬಂದ ದಾರಿ

ಪ್ರೋಗ್ರಾಂ ಒಂದು ಡಿಸ್ಕಿನಿಂದಲೋ ನೆಟ್‌ವರ್ಕಿನಿಂದಲೋ ಮಾಹಿತಿ ತರುವಂತೆ ಆಪರೇಟಿಂಗ್ ಸಿಸ್ಟಂಗೆ ಹೇಳಿ, ಕಾಯುತ್ತ ಕೂರದೆ ಬೇರೆ ಕೆಲಸ ನೋಡಿಕೊಳ್ಳುತ್ತದೆ. ಅಸಿಂಕ್ರೋನಸ್ ಐ/ಒ ಎಂದರೆ ಇದೇ. ಮಾಹಿತಿ ಬಂದಾಗ ಎಲ್ಲಿ ಬರೆಯಬೇಕೆಂದು ಒಂದು ಬಫರ್‌ನ ವಿಳಾಸವನ್ನೂ ಅದು ಕೊಟ್ಟಿರುತ್ತದೆ. ಅಷ್ಟರಲ್ಲಿ ಬಳಕೆದಾರರು ವಿಂಡೋ ಮುಚ್ಚುತ್ತಾರೆ, ಇಲ್ಲವೇ ಗಡುವು ಮೀರುತ್ತದೆ, ಕೆಲಸ ಬೇಡವಾಗುತ್ತದೆ. ಆ ಹೊತ್ತಿಗೆ ಕೋರಿಕೆ ಸರದಿಯಲ್ಲೇ ಇರಬಹುದು, ಸಾಧನದ ಕೈಗೆ ಹೋಗಿರಬಹುದು, ಮುಗಿದೂ ಇರಬಹುದು. ಹಾಗಾದರೆ ಬಫರ್ ಈಗ ಯಾರ ವಶದಲ್ಲಿದೆ? ಸುಮಾರು ಐದು ದಶಕಗಳಿಂದ ಒಂದೊಂದು ವ್ಯವಸ್ಥೆಯೂ ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಹುಡುಕಿದೆ.

ಮೊದಲ ದಾರಿಗಳು

1970ರ ದಶಕದ ಕೊನೆಯಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತಂದ ವಿಎಂಎಸ್‌ನಲ್ಲಿ ಐ/ಒ ಹುಟ್ಟಿನಿಂದಲೇ ಅಸಿಂಕ್ರೋನಸ್ ಆಗಿತ್ತು. ಒಂದು ಚಾನೆಲ್‌ನಲ್ಲಿ ಬಾಕಿಯಿರುವ ಕೋರಿಕೆಗಳನ್ನೆಲ್ಲ ಒಟ್ಟಿಗೆ ರದ್ದು ಮಾಡುವ ಸೇವೆಯೂ ಅದರಲ್ಲಿತ್ತು. ಆದರೆ ಸಾಧನ ಆಗಲೇ ಕೈಗೆತ್ತಿಕೊಂಡ ಕೆಲಸದ ವಿಷಯದಲ್ಲಿ ಅದು ಡ್ರೈವರ್‌ಗೆ ಸುದ್ದಿ ಮುಟ್ಟಿಸುತ್ತಿತ್ತು, ಅಷ್ಟೆ. ತಕ್ಷಣ ನಿಲ್ಲುವುದೋ ಇಲ್ಲವೋ ಎಂಬುದು ಡ್ರೈವರ್‌ನ ಸ್ಥಿತಿಯನ್ನು ಅವಲಂಬಿಸಿತ್ತು.

ಯೂನಿಕ್ಸ್‌ನ ದಾರಿ ಬೇರೆ. ಅಲ್ಲಿ ಓದುವ ಪ್ರೋಗ್ರಾಂ ಕಾಯುತ್ತದೆ. ಟರ್ಮಿನಲ್, ಪೈಪ್‌ಗಳ ಮೇಲೆ ಕಾಯುತ್ತಿದ್ದರೆ ಸಿಗ್ನಲ್ ಬಂದು ಎಬ್ಬಿಸುತ್ತದೆ. ಡಿಸ್ಕಿಗಾಗಿ ಮಲಗಿದ ಪ್ರಕ್ರಿಯೆಯನ್ನು ಮಾತ್ರ ಸಿಗ್ನಲ್ ಕೂಡ ಎಬ್ಬಿಸಲಾರದು. ನೆಟ್‌ವರ್ಕ್ ಮೂಲಕ ಫೈಲ್ ಒದಗಿಸುವ ಎನ್‌ಎಫ್‌ಎಸ್ ಸರ್ವರ್ ಸತ್ತಾಗ 'ಕಿಲ್ -9'ಕ್ಕೂ ಬಗ್ಗದೆ ಎಬ್ಬಿಸಲಾಗದ ನಿದ್ರೆಯ 'ಡಿ' ಸ್ಥಿತಿಯಲ್ಲಿ ಉಳಿಯುವ ಪ್ರಕ್ರಿಯೆಗಳನ್ನು ಕಾಣದ ಸಿಸ್ಟಂ ಅಡ್ಮಿನ್ ಅಪರೂಪ. ಕೊಲ್ಲುವ ಸಿಗ್ನಲ್‌ಗೆ ಮಾತ್ರ ಎಚ್ಚರಗೊಳ್ಳುವ ನಿದ್ರೆ ಲಿನಕ್ಸ್‌ಗೆ ಬಂದದ್ದು 2008ರಲ್ಲಿ, 2.6.25ನೇ ಆವೃತ್ತಿಯೊಂದಿಗೆ.

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಬಂದ 1993ರ ಪಾಸಿಕ್ಸ್ ರಿಯಲ್‌ಟೈಮ್ ಮಾನದಂಡ 'ಏಐಒ_ಕ್ಯಾನ್ಸಲ್' ಎಂಬ ಕರೆಯನ್ನು ಸೇರಿಸಿತು. ಅದರ ದೊಡ್ಡ ಕೊಡುಗೆ ಅದು ಕೊಡುವ ಉತ್ತರಗಳು: ರದ್ದಾಯಿತು, ರದ್ದಾಗಲಿಲ್ಲ, ಎಲ್ಲವೂ ಆಗಲೇ ಮುಗಿದಿತ್ತು. ಯಾವ ಕೆಲಸವನ್ನು ರದ್ದು ಮಾಡಬಹುದು ಎಂಬ ನಿರ್ಧಾರವನ್ನು ಮಾತ್ರ ಅದು ಆಯಾ ವ್ಯವಸ್ಥೆಗೇ ಬಿಟ್ಟಿತು. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಇದನ್ನು ಥ್ರೆಡ್‌ಗಳ ಮೂಲಕ ನಡೆಸುವುದರಿಂದ, ಥ್ರೆಡ್ ಒಮ್ಮೆ ಕೈಗೆತ್ತಿಕೊಂಡ ಕೋರಿಕೆಯನ್ನು ಅಲ್ಲಿ ಹಿಂಪಡೆಯಲಾಗದು.

ವಿಂಡೋಸ್ ಎನ್‌ಟಿ ಕಲಿಸಿದ ಪಾಠ

ವಿಎಂಎಸ್‌ನ ಪ್ರಮುಖ ವಿನ್ಯಾಸಕಾರರಲ್ಲೊಬ್ಬರಾದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1993ರಲ್ಲಿ ಬಂದ ಎನ್‌ಟಿಯಲ್ಲಿ ಪ್ರತಿ ಕೋರಿಕೆಯೂ 'ಐಆರ್‌ಪಿ' ಎಂಬ ಪ್ಯಾಕೆಟ್ ಆಗಿ ಡ್ರೈವರ್‌ಗಳ ಮೂಲಕ ಇಳಿಯುತ್ತದೆ. ಪ್ಯಾಕೆಟ್ ಅನ್ನು ಬಹಳ ಹೊತ್ತು ಹಿಡಿದಿಡುವ ಡ್ರೈವರ್ ಅದಕ್ಕೊಂದು ರದ್ದತಿ ರೊಟೀನ್ ಅಂಟಿಸಬೇಕು. ತೊಡಕು ಇರುವುದು ಇಲ್ಲೇ. ಡ್ರೈವರ್ ಕೆಲಸ ಮುಗಿಸುತ್ತಿರುವ ಕ್ಷಣದಲ್ಲೇ ಇನ್ನೊಂದು ಪ್ರೊಸೆಸರ್‌ನಲ್ಲಿ ರದ್ದತಿ ಶುರುವಾದರೆ, ಒಂದೇ ಪ್ಯಾಕೆಟ್ ಎರಡು ಸಲ ಮುಗಿದು ಯಂತ್ರ ಕುಸಿಯುತ್ತದೆ. ಹಾಗಾಗಿ ಡ್ರೈವರ್ ಮೊದಲು ರೊಟೀನ್‌ನ ವಿಳಾಸವನ್ನು ಒಂದೇ ಅವಿಭಾಜ್ಯ ಹೆಜ್ಜೆಯಲ್ಲಿ ಕಿತ್ತುಕೊಳ್ಳುತ್ತದೆ. ವಿಳಾಸ ಸಿಕ್ಕಿದರೆ ಪ್ಯಾಕೆಟ್ ತನ್ನದು. ಖಾಲಿ ಬಂದರೆ ರದ್ದತಿ ಆಗಲೇ ಹೊರಟಿದೆ, ಮುಗಿಸುವ ಹೊಣೆ ಅದರದ್ದು. ಇದನ್ನು ಸರಿಯಾಗಿ ಬರೆಯಲು ಅನುಭವಿಗಳೂ ಒದ್ದಾಡುತ್ತಿದ್ದರು. ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ಈ ಲೆಕ್ಕಾಚಾರವನ್ನೆಲ್ಲ ಒಳಗಿಟ್ಟುಕೊಂಡ ಸಿದ್ಧ ಸರದಿಗಳನ್ನು ಮೈಕ್ರೋಸಾಫ್ಟೇ ಒದಗಿಸಿತು.

ಅಪ್ಲಿಕೇಶನ್ ಬರೆಯುವವರಿಗೆ ಸಿಕ್ಕಿದ್ದ 'ಕ್ಯಾನ್ಸಲ್‌ಐಒ', ಕರೆದ ಥ್ರೆಡ್ ತಾನೇ ಹೊರಡಿಸಿದ ಕೋರಿಕೆಗಳನ್ನು ಮಾತ್ರ ರದ್ದು ಮಾಡುತ್ತಿತ್ತು. ಬೇರೆ ಥ್ರೆಡ್‌ನ ಕೋರಿಕೆಯನ್ನು, ಅದರಲ್ಲೂ ನಿರ್ದಿಷ್ಟವಾಗಿ ಒಂದನ್ನೇ, ಹಿಂಪಡೆಯುವ 'ಕ್ಯಾನ್ಸಲ್‌ಐಒಎಕ್ಸ್' ವಿಸ್ಟಾದೊಂದಿಗೆ ಬಂತು. ಆದರೆ ಹಳೆಯ ತಪ್ಪಿಗೆ ಅದರಲ್ಲೂ ಜಾಗವಿತ್ತು. ಫಂಕ್ಷನ್ ಒಂದು ಕೋರಿಕೆಯ ದಾಖಲೆಯನ್ನು ಸ್ಟಾಕ್‌ನಲ್ಲಿಟ್ಟು ಓದಲು ಹೇಳುತ್ತದೆ. ಗಡುವು ಮೀರಿದಾಗ ರದ್ದತಿಯನ್ನು ಕರೆದು, ಆ ಕರೆ ಗೆದ್ದಿತೆಂದು ನಂಬಿ ಹಿಂದಿರುಗುತ್ತದೆ. ಕರ್ನಲ್ ಮಾತ್ರ ಅಂತಿಮ ಫಲಿತಾಂಶವನ್ನು ಆಮೇಲೆ ಅದೇ ಜಾಗದಲ್ಲಿ ಬರೆಯುತ್ತದೆ. ಅಷ್ಟರಲ್ಲಿ ಅಲ್ಲಿ ಇನ್ನೊಂದು ಫಂಕ್ಷನ್‌ನ ವೇರಿಯಬಲ್‌ಗಳು ಕೂತಿರುತ್ತವೆ. ದೋಷ ಒಂದು ಕಡೆ, ಕ್ರ್ಯಾಶ್ ಇನ್ನೊಂದು ಕಡೆ. ಡಿಬಗ್ ಮಾಡುವವರಿಗೆ ಸುಳಿವೇ ಸಿಗದು. ಪರಿಹಾರ ಚಿಕ್ಕದು: ರದ್ದತಿ ಕೇಳಿದ ಮೇಲೂ ಫಲಿತಾಂಶ ಬರುವವರೆಗೆ ಕಾಯಬೇಕು. ಫಲಿತಾಂಶದಲ್ಲಿ 995 ಎಂಬ ಕೋಡ್ ಬಂದರೆ ಕೆಲಸ ರದ್ದಾಗಿದೆ. ಯಶಸ್ಸಿನ ಕೋಡ್ ಬಂದರೆ ರದ್ದತಿ ಮುಟ್ಟುವ ಮೊದಲೇ ಕೆಲಸ ಮುಗಿದಿದೆ. ಎರಡಕ್ಕೂ ಸಿದ್ಧರಿರಬೇಕು.

ಲಿನಕ್ಸ್ ತಡವಾಗಿ ಹಿಡಿದ ದಾರಿ

ಲಿನಕ್ಸ್ ಕರ್ನಲ್‌ನ ಮೊದಲ ಅಸಿಂಕ್ರೋನಸ್ ಐ/ಒ ವ್ಯವಸ್ಥೆಯಲ್ಲೂ (ಏಐಒ) ರದ್ದತಿಗೆ ಕರೆಯಿತ್ತು, ಆದರೆ ಬಹುಪಾಲು ಕೋರಿಕೆಗಳಿಗೆ ಅದು ದೋಷದ ಉತ್ತರವನ್ನಷ್ಟೇ ಕೊಡುತ್ತಿತ್ತು. ಚಿತ್ರ ಬದಲಾದದ್ದು ಯೆನ್ಸ್ ಆಕ್ಸ್‌ಬೋ ರೂಪಿಸಿದ ಐಒ_ಯೂರಿಂಗ್ ಎಂಬ ಹೊಸ ವ್ಯವಸ್ಥೆಯಿಂದ. 2019ರ 5.1ನೇ ಆವೃತ್ತಿಯಲ್ಲಿ ಅದು ಬಂತು, 5.5ರಲ್ಲಿ ರದ್ದತಿ ಸೇರಿತು. ಇಲ್ಲಿ ರದ್ದತಿಯೂ ಒಂದು ಕೋರಿಕೆ: ಅದೇ ಸರದಿಗೆ ಹೋಗುತ್ತದೆ, ತನ್ನದೇ ಉತ್ತರ ತರುತ್ತದೆ. ಸಿಕ್ಕಿತು, ಸಿಗಲಿಲ್ಲ, ಆಗಲೇ ನಡೆಯುತ್ತಿದೆ ಎಂಬ ಮೂರು ಉತ್ತರಗಳು ಪಾಸಿಕ್ಸ್‌ನ ಮೂರನ್ನು ನೆನಪಿಸುತ್ತವೆ. ಮೂಲ ಕೋರಿಕೆಗೆ ಪ್ರತ್ಯೇಕ ಉತ್ತರ ಬರುವುದೂ ತಪ್ಪುವುದಿಲ್ಲ.

ಭಾಷೆಗಳ ಸರದಿ

ಈಚಿನ ವರ್ಷಗಳಲ್ಲಿ ರದ್ದತಿ ಭಾಷೆಗಳ ಮಟ್ಟಕ್ಕೂ ಏರಿದೆ. ಡಾಟ್‌ನೆಟ್ 2010ರಲ್ಲಿ ರದ್ದತಿ ಟೋಕನ್ ತಂದಿತು. ಗೋ ಭಾಷೆ 2016ರಲ್ಲಿ ಕಾಂಟೆಕ್ಸ್ಟ್ ಅನ್ನು ಮೂಲ ಲೈಬ್ರರಿಗೆ ಸೇರಿಸಿತು. ಎರಡರಲ್ಲೂ ಕೆಲಸ ಮಾಡುವ ಕೋಡ್ ತಾನೇ ಸೂಚನೆಯನ್ನು ಗಮನಿಸಿ ನಿಲ್ಲಬೇಕು. ರಸ್ಟ್ ಭಾಷೆಯಲ್ಲಿ, ಇನ್ನೂ ಮುಗಿಯದ ಕೆಲಸವನ್ನು ಪ್ರತಿನಿಧಿಸುವ 'ಫ್ಯೂಚರ್' ಅನ್ನು ಕೈಬಿಟ್ಟರೆ ಅದೇ ರದ್ದತಿ. ಈ ಸೊಗಸಾದ ನಿಯಮ ಐಒ_ಯೂರಿಂಗ್ ಎದುರು ತೊಡಕಿಗೆ ಸಿಕ್ಕಿತು: ಫ್ಯೂಚರ್ ಹೋದರೂ ಕರ್ನಲ್ ಬಫರ್‌ಗೆ ಬರೆಯುತ್ತಲೇ ಇರಬಹುದು. ಆದ್ದರಿಂದ ಟೋಕಿಯೋ-ಯೂರಿಂಗ್‌ನಂಥ ಲೈಬ್ರರಿಗಳು ಬಫರ್‌ನ ಒಡೆತನವನ್ನೇ ತಾವು ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಹಿಂದಿರುಗಿಸುತ್ತವೆ.

ಇಷ್ಟು ದಾರಿ ನಡೆದ ಮೇಲೆ ಉಳಿಯುವ ತತ್ತ್ವ ಒಂದೇ: ರದ್ದತಿ ಕೇಳಿದ ಕ್ಷಣಕ್ಕೆ ಕೆಲಸ ಮುಗಿಯುವುದಿಲ್ಲ, ಕರ್ನಲ್ ಮುಗಿಯಿತು ಎನ್ನುವವರೆಗೆ ಬಫರ್ ನಮ್ಮದಲ್ಲ. ಹೊಸ ಲೈಬ್ರರಿ ಕಟ್ಟುವವರು ಓದುವ, ಬರೆಯುವ ದಾರಿಗಳಿಗೆ ಕೊಡುವಷ್ಟೇ ಪರೀಕ್ಷೆಯನ್ನು ಈ ದಾರಿಗೂ ಕೊಡಬೇಕು. ಕೆಲಸ ಮುಗಿಯುವುದೂ ರದ್ದತಿ ಬರುವುದೂ ಒಂದೇ ಗಳಿಗೆಯಲ್ಲಿ ಕೂಡುವಂತೆ ಬೇಕೆಂದೇ ಸಾವಿರಾರು ಸಲ ಓಡಿಸಿ ನೋಡಬೇಕು. ಬಳಕೆದಾರರ ಕೈಗೆ ಹೋದ ಮೇಲೆ ಆ ಗಳಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ.