ಹೆಣಿಗೆ ಒಂದೆಡೆ, ಹೆಸರು ಇನ್ನೊಂದೆಡೆ
ಜನಪದ ಕಲೆಯೊಂದು ಫ್ಯಾಶನ್ ಲೋಕವನ್ನು ಪ್ರವೇಶಿಸಿದಾಗ ವಿನ್ಯಾಸ ಉಳಿದು ಮೂಲದ ಹೆಸರು ಮರೆಯಾಗುವುದುಂಟು. ಪನಾಮಾ ಟೋಪಿ ಇದಕ್ಕೆ ನಿದರ್ಶನ. ಅದು ವಾಸ್ತವವಾಗಿ ಈಕ್ವೆಡಾರಿನದು. ಅಲ್ಲಿನ ಕರಾವಳಿಯ ರೈತರು ಬೆಳೆಯುವ, ತಾಳೆಯನ್ನು ಹೋಲುವ ಟೊಕಿಯಾ ಗಿಡದ ಎಳೆಗರಿಯಿಂದ ನಾರು ತೆಗೆದು, ಕುದಿಸಿ, ಒಣಗಿಸಿ ಇದನ್ನು ಹೆಣೆಯುತ್ತಾರೆ. ಗುಣಮಟ್ಟಕ್ಕೆ ಅನುಗುಣವಾಗಿ ಒಂದು ಟೋಪಿಗೆ 1 ದಿನದಿಂದ 8 ತಿಂಗಳವರೆಗೆ ಕಾಲ ಹಿಡಿಯುತ್ತದೆ. 19ನೆಯ ಶತಮಾನದಲ್ಲಿ ಈ ಸರಕು ಪನಾಮಾ ಭೂಸಂಧಿಯ ಮೂಲಕ ಹೊರದೇಶಗಳಿಗೆ ಸಾಗಿದ್ದರಿಂದ, ಹೆಣೆದ ನಾಡಿನ ಬದಲು ಮಾರಾಟದ ನೆಲೆಯೇ ಅದರ ಹೆಸರಾಯಿತು. 1906ರಲ್ಲಿ ಪನಾಮಾ ಕಾಲುವೆಯ ಕಾಮಗಾರಿಯನ್ನು ವೀಕ್ಷಿಸಿದ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದನ್ನು ಧರಿಸಿದ್ದು ಆ ಹೆಸರಿಗೆ ಇನ್ನಷ್ಟು ಪ್ರಚಾರ ನೀಡಿತು. ಯುನೆಸ್ಕೊ 2012ರಲ್ಲಿ ಈ ಹೆಣಿಗೆಯನ್ನು ಈಕ್ವೆಡಾರಿನ ಹೆಸರಿನಲ್ಲಿಯೇ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗರಿಹೆಣಿಗೆಯಿಂದ ಸ್ಫೂರ್ತಿ ಪಡೆಯುವ ಇಂದಿನ ವಿನ್ಯಾಸಕಾರರು ಹೆಣೆದ ಸಮುದಾಯದ ಹೆಸರನ್ನೂ ಉಳಿಸಿಕೊಂಡಾಗಲೇ ಆ ಋಣ ಸಂದಂತಾಗುತ್ತದೆ.