ಊಟದ ಮೇಜು, ಆಟದ ಬಯಲು

1732ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಎಪ್‌ವರ್ತ್ ಊರಿನ ಪಾದ್ರಿಯ ಹೆಂಡತಿ ಸುಸಾನಾ ವೆಸ್ಲಿ ತನ್ನ ಮಗ ಜಾನ್‌ಗೆ ಒಂದು ದೀರ್ಘ ಕಾಗದ ಬರೆದಳು. ಮುಂದೆ ಮೆಥಡಿಸ್ಟ್ ಪಂಥದ ಪ್ರವರ್ತಕನಾಗಲಿದ್ದ ಆ ಮಗ, ನೀನು ನಮ್ಮನ್ನೆಲ್ಲ ಹೇಗೆ ಬೆಳೆಸಿದೆ, ಬರೆದು ಕಳಿಸು ಎಂದು ಕೇಳಿದ್ದ. ಅವಳು ಹೆತ್ತದ್ದು 19 ಮಕ್ಕಳನ್ನು, ಉಳಿದದ್ದು ಅವರಲ್ಲಿ ಸುಮಾರು ಅರ್ಧ. ಮಗುವಿಗೆ ಐದು ವರ್ಷ ತುಂಬಿದ ಮರುದಿನ ಅಕ್ಷರಾಭ್ಯಾಸ. ಅಂದು ಮನೆಯವರೆಲ್ಲ ಕೆಲಸ ಹಂಚಿಕೊಂಡು ದೂರವಿರಬೇಕು. ಒಂದೇ ದಿನದಲ್ಲಿ ಮಗು ಅಕ್ಷರಮಾಲೆಯನ್ನು ಕಲಿಯಬೇಕು. ಇಬ್ಬರು ಹೆಣ್ಣುಮಕ್ಕಳು ಮಾತ್ರ ಒಂದೂವರೆ ದಿನ ತೆಗೆದುಕೊಂಡರಂತೆ. ದಿನಕ್ಕೆ ಆರು ಗಂಟೆ ಪಾಠ. 1709ರಲ್ಲಿ ಮನೆ ಸುಟ್ಟು ಮಕ್ಕಳು ಅವರಿವರ ಮನೆಗಳಿಗೆ ಹಂಚಿಹೋದಾಗ ಕಟ್ಟಿದ ಶಿಸ್ತೆಲ್ಲ ಸಡಿಲವಾಯಿತು. ಅವರು ಮತ್ತೆ ಕೂಡಿದ ಮೇಲೆ ಅವಳು ಅದನ್ನು ಮೊದಲಿನಿಂದ ಕಟ್ಟಿದಳು.

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕ್ರೈಸ್ತ ತಾಯಂದಿರು ಇಂದಿಗೂ ಸುಸಾನಾಳನ್ನು ತಮ್ಮ ಹಿರಿಯಳೆಂದು ನೆನೆಯುತ್ತಾರೆ. ಆದರೆ ಅವರಲ್ಲಿ ಅನೇಕರಿಗೆ ಅವಳಿಗಿರದ ಇನ್ನೊಂದು ಕೆಲಸವೂ ಇದೆ. ಬೆಳಿಗ್ಗೆ ಊಟದ ಮೇಜಿನ ಮೇಲೆ ಗಣಿತ, ಬೈಬಲ್, ವ್ಯಾಕರಣ. ಸಂಜೆ ಕೊರಳಿಗೆ ಸೀಟಿ ನೇತುಹಾಕಿಕೊಂಡು ಮಕ್ಕಳ ತಂಡಕ್ಕೆ ಕೋಚ್. ಮನೆಶಾಲೆಗೆ ಈ ಆಟದ ಬಯಲು ಬಂದು ಸೇರಿದ್ದು ಹೇಗೆ?

ವೆಸ್ಲಿಯ ಕಾಲದ ಧರ್ಮನಿಷ್ಠರಿಗೆ ಆಟವೆಂದರೆ ಅನುಮಾನ. ಜಾನ್ ವೆಸ್ಲಿ 1748ರಲ್ಲಿ ಬ್ರಿಸ್ಟಲ್ ಬಳಿ ಕಿಂಗ್ಸ್‌ವುಡ್ ಶಾಲೆ ತೆರೆದಾಗ ಅಲ್ಲಿ ಆಟಕ್ಕೆ ಜಾಗವೇ ಇರಲಿಲ್ಲ. ಹುಡುಗರು ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಮೈ ದಣಿಸಬೇಕೆಂದರೆ ನಡೆಯಬೇಕು, ಇಲ್ಲವೇ ತೋಟದಲ್ಲಿ ದುಡಿಯಬೇಕು. ನೂರು ವರ್ಷದ ನಂತರ ಗಾಳಿ ತಿರುಗಿತು. 1850ರ ದಶಕದಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ, ಥಾಮಸ್ ಹ್ಯೂಸ್ ಮೊದಲಾದವರು ಗಟ್ಟಿ ದೇಹವೂ ದೇವರ ಕೆಲಸಕ್ಕೆ ಬೇಕೆಂದು ವಾದಿಸಿದರು. 1844ರಲ್ಲಿ ಲಂಡನ್ನಿನಲ್ಲಿ ಪ್ರಾರ್ಥನೆಯ ಕೂಟವಾಗಿ ಹುಟ್ಟಿದ್ದ ವೈಎಂಸಿಎ ಕ್ರಮೇಣ ವ್ಯಾಯಾಮಶಾಲೆಗಳನ್ನು ಕಟ್ಟಿತು. ಅದರ ಸ್ಪ್ರಿಂಗ್‌ಫೀಲ್ಡ್ ತರಬೇತಿ ಶಾಲೆಯಲ್ಲಿ, 1891ರ ಡಿಸೆಂಬರಿನಲ್ಲಿ, ದೇವತಾಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಎರಡು ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಂಬಿಗೆ ಹೊಡೆಸಿ, 13 ನಿಯಮಗಳನ್ನು ಬರೆದು ಬ್ಯಾಸ್ಕೆಟ್‌ಬಾಲ್ ಆಡಿಸಿದ. ಮರುವರ್ಷವೇ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಆ ಆಟವನ್ನು ಹುಡುಗಿಯರಿಗೆ ಕಲಿಸಿದಳು. ಇದರ ಅಲೆ ನಮ್ಮ ಕಡೆಗೂ ಬಂತು. 1920ರಲ್ಲಿ ಹ್ಯಾರಿ ಬಕ್ ಮದ್ರಾಸಿನಲ್ಲಿ ಶುರುಮಾಡಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ದಕ್ಷಿಣ ಭಾರತಕ್ಕೆ ಪಿ.ಟಿ. ಮೇಷ್ಟ್ರುಗಳನ್ನು ತಯಾರುಮಾಡಿತು.

ಅಮೆರಿಕದಲ್ಲಿ ಈ ಆಟಗಳು ಬಲವಾಗಿ ಬೇರೂರಿದ್ದು ಸರ್ಕಾರಿ ಹೈಸ್ಕೂಲುಗಳಲ್ಲಿ. ಮೈದಾನ, ಜಿಮ್, ಕೋಚ್, ಪಂದ್ಯಾವಳಿ, ಮುಂದೆ ಕಾಲೇಜಿನ ವಿದ್ಯಾರ್ಥಿವೇತನ, ಎಲ್ಲವೂ ಶಾಲೆಯ ಹೆಸರಿನ ಜೊತೆ ಹೊಸೆದುಕೊಂಡವು. ಹಾಗಾಗಿ ಶಾಲೆ ಬಿಟ್ಟ ಮಗು ಆಟವನ್ನೂ ಬಿಟ್ಟಂತೆಯೇ.

ಶಾಲೆ ಬಿಡುವವರ ಸಂಖ್ಯೆ ಏರಿದ್ದು 1980ರ ದಶಕದಲ್ಲಿ. ಮಗುವಿನ ಶಿಕ್ಷಣ ಪೂರ್ತಿಯಾಗಿ ಸರ್ಕಾರದ ಸೊತ್ತಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1925ರಲ್ಲೇ ಹೇಳಿತ್ತು. ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸದಿರುವ ಆಮಿಶ್ ಜನರ ಹಕ್ಕನ್ನು 1972ರಲ್ಲಿ ಎತ್ತಿಹಿಡಿಯಿತು. ಶಿಕ್ಷಣತಜ್ಞ ಜಾನ್ ಹೋಲ್ಟ್ ಶಾಲೆಯ ಯಾಂತ್ರಿಕತೆಯಿಂದ ಬೇಸತ್ತು ಮನೆಗೆ ದಾರಿ ತೋರಿಸಿದರೆ, ರೇಮಂಡ್ ಮತ್ತು ಡೊರೊಥಿ ಮೂರ್ ದಂಪತಿಗಳ ಮಾತು ಕ್ರೈಸ್ತ ಮನೆಗಳಿಗೆ ತಾಗಿತು. ಮನೆಶಾಲೆಯವರ ಪರ ವಾದಿಸುವ ವಕೀಲರ ಸಂಘ 1983ರಲ್ಲಿ ಹುಟ್ಟಿತು. 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಇದು ಕಾನೂನುಸಮ್ಮತವಾಗಿತ್ತು. ಸರ್ಕಾರದ ಅಂದಾಜಿನಂತೆ 1999ರಲ್ಲಿ ಮನೆಯಲ್ಲೇ ಓದುತ್ತಿದ್ದ ಮಕ್ಕಳು 8,50,000. 2003ರಲ್ಲಿ 11 ಲಕ್ಷ. ಈ ಲಕ್ಷಾಂತರ ಮನೆಗಳಲ್ಲಿ ಪಾಠ ಹೇಳುವ ಕೆಲಸ ಹೆಚ್ಚಾಗಿ ಬಿದ್ದದ್ದು ತಾಯಿಯ ಮೇಲೆ.

ಆಟಕ್ಕೇನು ಮಾಡುವುದು? ಎರಡು ದಾರಿಗಳಿದ್ದವು. ಒಂದು, ತಾವೇ ತಂಡ ಕಟ್ಟುವುದು. ನಾಲ್ಕಾರು ಮನೆಗಳು ಸೇರಿ ಚರ್ಚಿನ ಜಿಮ್ಮನ್ನು ಕೇಳಿ ಪಡೆದು, ಪಕ್ಕದ ಊರಿನ ಅಂಥದೇ ತಂಡದ ಜೊತೆ ಪಂದ್ಯ ಗೊತ್ತುಮಾಡುವುದು. ಸಂಬಳಕ್ಕೆ ಕೋಚ್ ತರುವ ಶಕ್ತಿ ಇಂಥ ತಂಡಗಳಿಗೆ ಕಡಿಮೆ. ಕಾಲೇಜಿನಲ್ಲಿ ವಾಲಿಬಾಲ್ ಆಡಿದ್ದ ತಾಯಿಯೊಬ್ಬಳಿದ್ದರೆ ಕೆಲಸ ಅವಳದೇ. ಅಲ್ಲಿಗೆ ಅವಳ ದಿನ ಎರಡು ಪಾಳಿಯದಾಗುತ್ತದೆ. ತನ್ನ ಮಕ್ಕಳಿಗೆ ಬೆಳಿಗ್ಗೆ ಟೀಚರ್ ಆದವಳು ಸಂಜೆಯೂ ಅವರ ಕೋಚ್ ಆದರೆ, ಸೋತು ಬಂದ ಮಗು ಅಳುತ್ತಾ ಓಡಿಬರಲು ಬರೀ ಅಮ್ಮನಾಗಿ ಉಳಿಯುವ ಹೊತ್ತು ಯಾವುದು? ಭಾನುವಾರದ ಪ್ರಶ್ನೆ ಬೇರೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಿಕ್ ಲಿಡೆಲ್ ಭಾನುವಾರ ಓಡಲೊಲ್ಲದೆ 100 ಮೀಟರ್ ಓಟ ಬಿಟ್ಟು 400 ಮೀಟರ್‌ನಲ್ಲಿ ಚಿನ್ನ ಗೆದ್ದದ್ದು ಈ ಮನೆಗಳ ನೆಚ್ಚಿನ ಕತೆ. ಆದರೆ ಲಿಡೆಲ್ ತೀರ್ಮಾನಿಸಿದ್ದು ತನ್ನೊಬ್ಬನ ಓಟದ ಬಗ್ಗೆ. ಕೋಚ್ ಆದ ತಾಯಿ ಭಾನುವಾರದ ಪಂದ್ಯ ಬೇಡವೆಂದರೆ ಹತ್ತು ಮನೆಗಳ ಮಕ್ಕಳ ಆಟ ನಿಲ್ಲುತ್ತದೆ.

ಇನ್ನೊಂದು ದಾರಿ, ಬಿಟ್ಟುಬಂದ ಶಾಲೆಯ ಬಾಗಿಲನ್ನೇ ಮತ್ತೆ ತಟ್ಟುವುದು. ಮನೆಯಲ್ಲಿ ಓದುವ ಮಕ್ಕಳು ಸರ್ಕಾರಿ ಶಾಲೆಯ ತಂಡದಲ್ಲಿ ಆಡಬಹುದೆಂದು ಫ್ಲಾರಿಡಾ 1996ರಲ್ಲಿ ಕಾನೂನು ಮಾಡಿತು. ಇದರ ಲಾಭ ಪಡೆದವರಲ್ಲಿ ಎಲ್ಲರಿಗಿಂತ ಹೆಸರಾದವರು ಟಿಮ್ ಟೀಬೋ. ಮಿಷನರಿ ದಂಪತಿಗಳ ಐವರು ಮಕ್ಕಳಲ್ಲಿ ಕಿರಿಯರು, ಐವರೂ ಓದಿದ್ದು ಮನೆಯಲ್ಲಿ. ಟಿಮ್‌ಗೆ ತಮಗೆ ಬೇಕಾದ ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡುವ ಅವಕಾಶವಿದ್ದದ್ದು ಪಕ್ಕದ ಕೌಂಟಿಯ ನೀಸ್ ಹೈಸ್ಕೂಲಿನಲ್ಲಿ. ಆ ಶಾಲೆಯ ವ್ಯಾಪ್ತಿಯಲ್ಲಿ ವಾಸವಿರಬೇಕೆಂದು ತಾಯಿ ಪ್ಯಾಮ್ ಅಲ್ಲೊಂದು ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆ ನೆಲೆಸಿದರು. 2007ರಲ್ಲಿ ಟಿಮ್ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಟ್ರೋಫಿ ಗೆದ್ದರು. ಬೇರೆ ರಾಜ್ಯಗಳಲ್ಲಿ ಇಂಥ ಮಸೂದೆಗಳಿಗೆ ಟಿಮ್ ಟೀಬೋ ಮಸೂದೆ ಎಂದೇ ಹೆಸರಾಯಿತು. ವರ್ಜೀನಿಯಾದಲ್ಲಿ ಶಾಸನಸಭೆ ಒಪ್ಪಿದ ಮಸೂದೆಯನ್ನು ರಾಜ್ಯಪಾಲರು ಒಂದಕ್ಕಿಂತ ಹೆಚ್ಚು ಬಾರಿ ತಡೆದರು. ಮನೆಶಾಲೆಯವರಲ್ಲೇ ಕೆಲವರಿಗೆ ಇದು ಬೇಡವಾಗಿತ್ತು: ಮೈದಾನಕ್ಕೆ ಬಿಟ್ಟವರು ನಾಳೆ ಮನೆಯ ಪಾಠವನ್ನೂ ಪರೀಕ್ಷಿಸಲು ಬಂದಾರು ಎಂಬ ಭಯ.

ಕಾನೂನಿಗೆ ಮಗನ ಹೆಸರು ಬಂತು. ವರ್ಷಗಟ್ಟಲೆ ಪಾಠ ಹೇಳಿ, ಕೊನೆಗೆ ಮನೆಯನ್ನೇ ಎರಡಾಗಿಸಿಕೊಂಡ ತಾಯಿಯ ಹೆಸರು ಬರಲಿಲ್ಲ. ಆಟದ ಬಯಲಿನಲ್ಲಿ ಇದು ಹಳೆಯ ರೂಢಿ. ಸಮಾಜಶಾಸ್ತ್ರಜ್ಞ ಮೈಕೆಲ್ ಮೆಸ್ನರ್ ಲಾಸ್ ಏಂಜಲೀಸ್ ಸುತ್ತಲಿನ ಮಕ್ಕಳ ತಂಡಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 2009ರಲ್ಲಿ ಪುಸ್ತಕ ಬರೆದರು. ಅಲ್ಲಿ ಕೋಚ್ ಎಂದರೆ ಬಹುಮಟ್ಟಿಗೆ ಅಪ್ಪ. ತಿಂಡಿ ಹಂಚಿ, ಫೋನು ಮಾಡಿ ಎಲ್ಲರನ್ನೂ ಕೂಡಿಸುವವಳು ‘ಟೀಮ್ ಮಾಮ್’. ಕಾಲೇಜು ಮಟ್ಟದಲ್ಲೂ ಹೀಗೇ ಒಂದು ವಿಚಿತ್ರ ನಡೆಯಿತು. 1972ರಲ್ಲಿ ಶಿಕ್ಷಣದಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂಬ ಕಾನೂನು ಬಂದಾಗ ಮಹಿಳಾ ತಂಡಗಳ ಕೋಚ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಹೆಂಗಸರೇ. ಹಣ, ಸಂಬಳ, ಗೌರವ ಬಂದಂತೆ ಗಂಡಸರೂ ಬಂದರು. ಹೆಂಗಸರ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು. ಅಂಥ ಕಡೆ ಚರ್ಚಿನ ಜಿಮ್ಮಿನಲ್ಲಿ ಸೀಟಿ ಊದುವ ತಾಯಿ, ತಾನು ಹಾಗೆಂದುಕೊಳ್ಳದಿದ್ದರೂ, ಹೆಂಗಸು ಕಳೆದುಕೊಂಡ ಜಾಗವೊಂದರಲ್ಲಿ ನಿಂತಿದ್ದಾಳೆ. ಗಂಡನೇ ಮನೆಯ ತಲೆ ಎಂದು ಕಲಿಸುವ ಚರ್ಚಿನಲ್ಲೂ ಹುಡುಗರಿಗೆ ಹೇಗೆ ನಿಲ್ಲಬೇಕು, ಹೇಗೆ ಸೋಲಬೇಕೆಂದು ಹೇಳಿಕೊಡುವವಳು ಅವಳೇ.

ಸುಸಾನಾ ಆ ಕಾಗದವನ್ನು ಮನಸ್ಸಿಲ್ಲದ ಮನಸ್ಸಿನಿಂದಲೇ ಬರೆದಳು. ಇಷ್ಟು ಕಾಲ ಮನೆಯೊಳಗೇ ಇದ್ದ ತಾನು ಹೊತ್ತು ಹೇಗೆ ಕಳೆದೆನೆಂದು ತಿಳಿದು ಯಾರಿಗೇನು ಪ್ರಯೋಜನ ಎಂಬುದು ಅವಳ ಅನುಮಾನ. ತನ್ನ ಕ್ರಮ ಅನುಸರಿಸಲು ಬದುಕಿನ ಒಳ್ಳೆಯ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕೊಡಬೇಕಾಗುತ್ತದೆ, ಅಷ್ಟು ಕೊಡುವವರು ವಿರಳ ಎಂದೂ ಅವಳು ತಿಳಿಸಿದಳು. ಮಗ ಕೇಳದೆ ಹೋಗಿದ್ದರೆ ಈ ಲೆಕ್ಕ ನಮಗೆ ಸಿಗುತ್ತಿರಲಿಲ್ಲ. ಇಂದಿನ ಮನೆಶಾಲೆಯ ತಂಡಗಳ ಸ್ಕೋರುಗಳನ್ನು ಯಾರೋ ಬರೆದಿಡುತ್ತಾರೆ. ಆ ಸ್ಕೋರಿನ ಹಿಂದೆ ಒಬ್ಬ ತಾಯಿ ಕೊಟ್ಟ ವರ್ಷಗಳು ಎಷ್ಟೆಂದು ಕೇಳಿ ಬರೆಸುವ ಮಕ್ಕಳು ಇನ್ನೂ ಬೇಕಾಗಿದ್ದಾರೆ.